ಕುಸಿದ ಕಂಬಕ್ಕೆ ಅವಸರ ಬೇಡ

ಅಮೆರಿಕದಲ್ಲಿ ಹಳೆಯ ಮನೆ ಕೊಳ್ಳೋ ನಮ್ಮವರು ಮೊದಲು ಅಡುಗೆಮನೆ ನೋಡ್ತಾರೆ, ಆಮೇಲೆ ದೇವರಮನೆಗೆ ಜಾಗ ಹುಡುಕ್ತಾರೆ. ಬೇಸ್‌ಮೆಂಟಿಗೆ ಇಳಿಯೋದು ಎಲ್ಲಕ್ಕಿಂತ ಕೊನೆಗೆ. ಆದರೆ ಮನೆಯ ನಡುಭಾಗದ ಭಾರ ಹೊತ್ತ ಕಂಬಗಳು ಇರೋದು ಅಲ್ಲೇ.

ಅಲ್ಲಿನ ಮರದ ಮನೆಗಳ ಲೆಕ್ಕ ಸರಳ. ಅಂಚಿನ ಭಾರವನ್ನು ಪಾಯದ ಗೋಡೆ ಹೊರುತ್ತೆ. ನಡುವಿನ ಜಂತೆಗಳ ಭಾರ ಒಂದು ದೊಡ್ಡ ತೊಲೆಗೆ, ತೊಲೆಯ ಭಾರ ಕಂಬಗಳಿಗೆ. ಎಷ್ಟೋ ಹಳೆಯ ಮನೆಗಳಲ್ಲಿ ಈ ಕಂಬಗಳ ಕೆಳಗೆ ಸರಿಯಾದ ಪಾಯವೇ ಇರೋದಿಲ್ಲ. ಮೂರ್ನಾಲ್ಕು ಇಂಚಿನ ಕಾಂಕ್ರೀಟು ನೆಲದ ಮೇಲೆ ಸುಮ್ಮನೆ ನಿಲ್ಲಿಸಿರ್ತಾರೆ. ತೇವಕ್ಕೆ ಮರದ ಬುಡ ಕೊಳೆಯುತ್ತೆ, ಕಬ್ಬಿಣ ತುಕ್ಕು ಹಿಡಿಯುತ್ತೆ, ಅಡಿಯ ಮಣ್ಣು ಕೂರುತ್ತೆ. ಗೋಡೆ ಅಲ್ಲೇ ನಿಂತಿರುತ್ತೆ, ನಡುಮನೆ ಮಾತ್ರ ಇಳಿಯುತ್ತೆ.

ನನ್ನ ತಮ್ಮ ಕೊಂಡ ಮನೆ 1920ರ ದಶಕದ್ದು. ಹಾಲಿನಲ್ಲಿ ಗೋಲಿ ಬಿಟ್ಟರೆ ತಾನಾಗಿಯೇ ನಡುವಿಗೆ ಉರುಳ್ತಿತ್ತು. ಬಾಗಿಲುಗಳು ಸಿಕ್ಕಿಕೊಳ್ತಿದ್ದವು, ಚೌಕಟ್ಟಿನ ಮೂಲೆಯಿಂದ ಗೋಡೆ ಓರೆಯಾಗಿ ಬಿರುಕು ಬಿಟ್ಟಿತ್ತು. ಒಬ್ಬ ಕಂಟ್ರಾಕ್ಟರ್ ಬಂದು, "ಒಂದೇ ದಿನದಲ್ಲಿ ಜಾಕ್ ಹಾಕಿ ಎತ್ತಿಬಿಡ್ತೀನಿ" ಅಂದ. ತಮ್ಮನಿಗೂ ಅದೇ ಬೇಕಿತ್ತು. "ಮುಂದಿನ ತಿಂಗಳು ಅಪ್ಪ ಅಮ್ಮ ಬರ್ತಿದಾರೆ ಅಕ್ಕಾ, ಅಷ್ಟರಲ್ಲಿ ಮುಗಿದುಬಿಡ್ಲಿ" ಅಂತ ಫೋನ್ ಮಾಡಿದ.

ಅವನ ಹೆಂಡತಿ ಮಾತ್ರ ಸ್ಟ್ರಕ್ಚರಲ್ ಎಂಜಿನಿಯರನ್ನ ಕರೆಸದೆ ಕೈ ಹಚ್ಚೋದು ಬೇಡ ಅಂತ ಪಟ್ಟು ಹಿಡಿದಳು. ಎಂಜಿನಿಯರ್ ಹೇಳಿದ್ದು ಇಷ್ಟು: ದಶಕಗಳ ಕಾಲ ನಿಧಾನವಾಗಿ ಇಳಿದಿದ್ದನ್ನ ಒಂದೇ ದಿನ ಎತ್ತಿದರೆ ಪ್ಲಾಸ್ಟರು ಒಡೆಯುತ್ತೆ, ನೀರಿನ ಪೈಪಿನ ಜಾಯಿಂಟು ಬಿಡಬಹುದು, ತೊಲೆಯೇ ಸೀಳಬಹುದು.

ಕೆಲಸ ನಡೆದಿದ್ದು ಹೀಗೆ. ಊರಿನ ಕಟ್ಟಡ ಕಚೇರಿಯಿಂದ ಪರ್ಮಿಟ್ ತಗೊಂಡರು. ಹಳೆಯ ಕಂಬದ ಎರಡೂ ಪಕ್ಕ ದಪ್ಪ ಮರದ ತುಂಡು ಅಡ್ಡಡ್ಡ ಪೇರಿಸಿ, ಮೇಲೆ ತಾತ್ಕಾಲಿಕ ಕಂಬ ಮತ್ತು ಜಾಕ್ ಇಟ್ಟರು. ಭಾರ ಅದಕ್ಕೆ ಬಂದ ಮೇಲೆ ಹಳೆಯ ಕಂಬ ತೆಗೆದು, ನೆಲ ಕತ್ತರಿಸಿ, ಸುಮಾರು ಎರಡಡಿ ಉದ್ದಗಲ, ಒಂದಡಿ ಆಳದ ಕಾಂಕ್ರೀಟು ಪಾಯ ಹಾಕಿದರು. ಕಾಂಕ್ರೀಟು ಲೆಕ್ಕದ ಬಲಕ್ಕೆ ಬರೋದಕ್ಕೆ 28 ದಿನ. ಆಮೇಲೆ ವಾರಕ್ಕೆ ಇಂಚಿನ ಎಂಟನೇ ಒಂದು ಭಾಗದಷ್ಟು ಎತ್ತುತ್ತಾ ಹೋದರು. ಕೊನೆಗೆ ಉಕ್ಕಿನ ಕಂಬ.

ಅಪ್ಪ ಅಮ್ಮ ಬಂದಾಗ ಕೆಲಸ ಅರ್ಧವೂ ಆಗಿರಲಿಲ್ಲ. ತಮ್ಮನಿಗೆ ಮುಜುಗರ. ಅಪ್ಪ ಕೆಳಗಿಳಿದು ನೋಡಿ, "ನಮ್ಮೂರ ಮನೇಲೂ ಕಂಬಾನ ನೆಲಕ್ಕೆ ತಾಗಿಸಿಲ್ಲ ಕಣೋ, ಕಲ್ಲಿನ ಮೇಲೆ ನಿಲ್ಲಿಸಿದಾರೆ. ತೇವ, ಗೆದ್ದಲು ಹತ್ತಬಾರದು ಅಂತ. ಸರಿಯಾಗೇ ಮಾಡಿಸ್ತಿದೀಯ" ಅಂದರಂತೆ.

ನೆಲ ಪೂರ್ತಿ ಮಟ್ಟಕ್ಕೆ ಬರಲಿಲ್ಲ. ಬಾಗಿಲುಗಳು ಸಲೀಸಾದ ಮೇಲೆ ಎಂಜಿನಿಯರ್ ಸಾಕು ಅಂದರು. ಇನ್ನು ಇಳಿಯದೇ ಇರೋದು ಮುಖ್ಯ, ಪೂರ್ತಿ ಮಟ್ಟ ಅಲ್ಲ.

ನೀವೂ ಹಳೆಯ ಮನೆ ನೋಡೋಕೆ ಹೋಗ್ತಿದ್ದರೆ ಒಂದು ಗೋಲಿ, ಟಾರ್ಚು, ಸ್ಕ್ರೂಡ್ರೈವರ್ ಜೇಬಲ್ಲಿರಲಿ. ಮರದ ಕಂಬದ ಬುಡಕ್ಕೆ ಸ್ಕ್ರೂಡ್ರೈವರ್ ಸಲೀಸಾಗಿ ಇಳಿದರೆ, ಬೆಲೆ ಮಾತಾಡೋಕೆ ಮುಂಚೆ ಎಂಜಿನಿಯರಿಗೆ ಫೋನ್ ಮಾಡಿ.