ಸಿಪ್ಪೆಯ ಹೊಳಪು ಬಾವಿಯವರೆಗೆ ಬರಲಿ



ಅಡಿಕೆ ಸಿಪ್ಪೆ, ಕಾಫಿ ಚರಟ ನಮಗೆ ತಿಪ್ಪೆಯ ಸರಕು. ಇಂಥವನ್ನೇ ನೀರಿನೊಡನೆ ಭದ್ರವಾಗಿ ಮುಚ್ಚಿದ ಪಾತ್ರೆಯಲ್ಲಿ ಸುಮಾರು 200 ಡಿಗ್ರಿ ಶಾಖದಲ್ಲಿ ಕೆಲವು ಗಂಟೆ ಕಾಯಿಸಿ ಸೋಸಿದರೆ, ನೇರಳಾತೀತ ದೀಪದಡಿ ನೀಲಿಯಾಗಿ ಹೊಳೆಯುವ ಇಂಗಾಲದ ಸೂಕ್ಷ್ಮ ಕಣಗಳು ದೊರೆಯುತ್ತವೆ. ಕಬ್ಬಿಣದಂಥ ಲೋಹ ತಗಲಿದರೆ ಹೊಳಪು ಕುಗ್ಗುತ್ತದೆ. ಹಾಗೆ ಕುಗ್ಗಿಸಿಟ್ಟ ದ್ರಾವಣದಿಂದ ಫ್ಲೋರೈಡು ಆ ಲೋಹವನ್ನು ಸೆಳೆದುಕೊಂಡಾಗ ಹೊಳಪು ಮರಳುತ್ತದೆ. ಮರಳಿದಷ್ಟನ್ನು ಅಳೆದರೆ ಫ್ಲೋರೈಡಿನ ಪ್ರಮಾಣ ತಿಳಿಯುತ್ತದೆ.

ರಾಯಚೂರು ಜಿಲ್ಲೆಯ ದೇವದುರ್ಗ, ಮಾನ್ವಿ ಕಡೆ ಕೊಳವೆಬಾವಿಗಳಿಗೆ ಫ್ಲೋರೈಡಿನ ಪೀಡೆ ಹಳೆಯದು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಲೆಗಟ್ಟುತ್ತದೆ. ಇನ್ನೂ ಹೆಚ್ಚಾದರೆ ಮೂಳೆ ಕೆಡುತ್ತದೆ. ಕುದಿಸಿದರೂ ಅದು ಹೋಗದು. ಆ ಕಡೆಯಿಂದ ನಮ್ಮ ತೋಟಗಳಿಗೆ ದುಡಿಯಲು ಬರುವವರ ಮಕ್ಕಳೂ ಕುಡಿಯುವುದು ಅದೇ ನೀರನ್ನು.

ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ನ್ಯಾನೊ ತಂತ್ರಜ್ಞಾನ ಕೇಂದ್ರವಿದೆ. ಸಿಪ್ಪೆ ನಾವು ಒದಗಿಸೋಣ. ಅಗ್ಗದ ಪರೀಕ್ಷೆಯನ್ನು ಅವರು ಬಾವಿಕಟ್ಟೆಗೆ ತರಲಿ. ಇದು ನಮ್ಮ ಒತ್ತಾಯ. ಆದರೆ ಹೊಳಪು ಏರಿಳಿಯಲು ಬೇರೆ ಕಾರಣಗಳೂ ಉಂಟು. ಕಡೆಯ ಮಾತು ಪ್ರಯೋಗಾಲಯದ್ದೇ. ಅಲ್ಲಿಯತನಕ ಪ್ರತಿಯೊಬ್ಬ ಸದಸ್ಯರೂ ತಮ್ಮ ಬಾವಿಯ ಒಂದು ಸೀಸೆ ನೀರನ್ನು ಪರೀಕ್ಷೆಗೆ ಕಳುಹಿಸಬೇಕೆಂದು ವಿನಂತಿಸುತ್ತೇವೆ.

— ಕಾರ್ಯದರ್ಶಿ