ಕವರಿನ ಮೇಲೆ ಔಷಧಿಯ ಹೆಸರು ಬರೆಯಿರಿ

ಮೈಕೈ ನೋವು, ಸ್ವಲ್ಪ ಜ್ವರ, ಜೊತೆಗೆ ನೆಗಡಿ ಎಂದರೆ ನಮ್ಮ ಮೆಡಿಕಲ್ ಶಾಪುಗಳಲ್ಲಿ ‘ಒಂದು ಸೆಟ್’ ಸಿಗುತ್ತದೆ. ಸ್ಟ್ರಿಪ್ಪುಗಳನ್ನು ಕತ್ತರಿಸಿ, ಮೂರ್ನಾಲ್ಕು ಬಗೆಯ ಮಾತ್ರೆಗಳನ್ನು ಪುಟ್ಟ ಕಾಗದದ ಕವರಿಗೆ ಹಾಕಿ, ‘ಊಟ ಆದ್ಮೇಲೆ ತಗೊಳ್ಳಿ’ ಎಂದು ಕೊಡುತ್ತಾರೆ. ಕವರಿನ ಮೇಲೆ ಹೆಸರಿಲ್ಲ. ತುಂಡಾದ ಸ್ಟ್ರಿಪ್ಪಿನ ಮೇಲೆ ಅರ್ಧ ಹೆಸರು ಉಳಿದಿದ್ದರೆ ಪುಣ್ಯ. ರಾತ್ರಿ ನೋವು ಇಳಿಯದಿದ್ದರೆ ಮನೆಯ ಡಬ್ಬಿಯಲ್ಲಿದ್ದ ಡೋಲೊ, ಅಂದರೆ ಪ್ಯಾರಸಿಟಮಾಲ್, ಕೂಡ ಹೊಟ್ಟೆ ಸೇರುತ್ತದೆ.

ಲೆಕ್ಕ ಹಾಕಿ ನೋಡಿ. ಆರೋಗ್ಯವಂತ ವಯಸ್ಕರಿಗೆ 24 ಗಂಟೆಯಲ್ಲಿ ಪ್ಯಾರಸಿಟಮಾಲ್‌ನ ಗರಿಷ್ಠ ಮಿತಿ 4,000 ಮಿಲಿಗ್ರಾಂ. ತೂಕ ಕಡಿಮೆ ಇರುವವರಿಗೆ, ದಿನವೂ ಮದ್ಯ ಕುಡಿಯುವವರಿಗೆ, ಲಿವರ್ ತೊಂದರೆ ಇರುವವರಿಗೆ ಅಷ್ಟೂ ಸಲ್ಲದು. ಜ್ವರಕ್ಕೆಂದು 650ರ ಮಾತ್ರೆ ಮೂರು ಹೊತ್ತು: 1,950. ನೆಗಡಿಯ ಎಷ್ಟೋ ಮಾತ್ರೆಗಳಲ್ಲಿ 500 ಮಿಲಿಗ್ರಾಂ ಪ್ಯಾರಸಿಟಮಾಲ್ ಸೇರಿರುತ್ತದೆ. ಮೂರು ಹೊತ್ತಿಗೆ 1,500. ಸೊಂಟನೋವಿಗೆ ಕೊಡುವ ಅಸಿಕ್ಲೊಫೆನಾಕ್ ಮಿಶ್ರಣದಲ್ಲಿ 325. ಎರಡು ಹೊತ್ತಿಗೆ 650. ಒಟ್ಟು 4,100. ಯಾವ ಮಾತ್ರೆಯನ್ನೂ ಹೇಳಿದ್ದಕ್ಕಿಂತ ಹೆಚ್ಚು ನುಂಗಿಲ್ಲ, ಆದರೂ ಮಿತಿ ದಾಟಿತು. ಹೀಗೆ ಒಂದೆರಡು ದಿನವಲ್ಲ, ವಾರಗಟ್ಟಲೆ ನಡೆದರೆ ಲಿವರ್ ಗತಿಯೇನು? ಪ್ಯಾರಸಿಟಮಾಲ್‌ನ ಒಂದು ಪಾಲು ದೇಹದಲ್ಲಿ ವಿಷವಾಗಿ ಮಾರ್ಪಡುತ್ತದೆ. ಲಿವರ್‌ನಲ್ಲಿರುವ ಗ್ಲುಟಾಥಯೋನ್ ಎಂಬ ವಸ್ತು ಅದನ್ನು ತಣಿಸುತ್ತದೆ. ಆ ದಾಸ್ತಾನು ಮುಗಿದರೆ ಲಿವರ್‌ನ ಜೀವಕೋಶಗಳೇ ಸಾಯತೊಡಗುತ್ತವೆ.

ನೋವಿನ ಮಾತ್ರೆಗಳನ್ನು ಜೊತೆಗೂಡಿಸುವುದೇ ತಪ್ಪು ಎಂದಲ್ಲ. ಪ್ಯಾರಸಿಟಮಾಲ್ ಮತ್ತು ಐಬುಪ್ರೊಫೆನ್ ಬೇರೆ ಬೇರೆ ದಾರಿಯಲ್ಲಿ ಕೆಲಸ ಮಾಡುತ್ತವೆ. ಬೇರೆ ಕಾಯಿಲೆಯಿಲ್ಲದ ವಯಸ್ಕರು ಒಂದೆರಡು ದಿನದ ಮಟ್ಟಿಗೆ ಎರಡನ್ನೂ ತೆಗೆದುಕೊಳ್ಳಬಹುದು. ಕಾಂಬಿಫ್ಲಾಮ್‌ನಲ್ಲಿ ಇರುವುದೇ ಇವೆರಡು, 400 ಐಬುಪ್ರೊಫೆನ್ ಮತ್ತು 325 ಪ್ಯಾರಸಿಟಮಾಲ್. ಆದ್ದರಿಂದ ಅದರ ಮೇಲೆ ಕ್ರೋಸಿನ್ ನುಂಗಿದರೆ ಅದನ್ನೂ ಪ್ಯಾರಸಿಟಮಾಲ್ ಲೆಕ್ಕಕ್ಕೆ ಸೇರಿಸಬೇಕು.

ಆದರೆ ಐಬುಪ್ರೊಫೆನ್, ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್, ನ್ಯಾಪ್ರೊಕ್ಸೆನ್, ಆಸ್ಪಿರಿನ್ ಒಂದೇ ಬಳಗದವು. ಇವುಗಳಲ್ಲಿ ಎರಡನ್ನು ಒಟ್ಟಿಗೆ ನುಂಗಿದರೆ ನೋವು ಇಮ್ಮಡಿ ಕಡಿಮೆಯಾಗುವುದಿಲ್ಲ. ಹೊಟ್ಟೆಯ ಹುಣ್ಣು, ರಕ್ತಸ್ರಾವ, ಕಿಡ್ನಿ ಹಾನಿಯ ಅಪಾಯ ಹೆಚ್ಚುತ್ತದೆ. ನನಗೆ ಹೆಚ್ಚು ಆತಂಕ ತರುವುದು ಮಂಡಿನೋವಿನ ಹಿರಿಯರ ಸ್ಥಿತಿ. ಬಿಪಿಗೆ ಟೆಲ್ಮಿಸಾರ್ಟಾನ್, ಜೊತೆಗೆ ಮೂತ್ರ ಹೋಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಈ ಬಳಗದ ಒಂದು ಮಾತ್ರೆ ಸೇರಿದರೆ ಕಿಡ್ನಿಗೆ ಹರಿಯುವ ರಕ್ತವೇ ಇಳಿಯುತ್ತದೆ. ಹೃದಯಕ್ಕೆಂದು ದಿನವೂ 75ರ ಆಸ್ಪಿರಿನ್ ತೆಗೆದುಕೊಳ್ಳುವವರಲ್ಲಿ ಐಬುಪ್ರೊಫೆನ್ ಅದರ ಕೆಲಸಕ್ಕೇ ಅಡ್ಡ ಬರಬಲ್ಲದು. ಮಳೆಗಾಲದಲ್ಲಿ ಡೆಂಗಿ ಶಂಕೆ ಇದ್ದಾಗಲಂತೂ ಈ ಬಳಗ ಬೇಡವೇ ಬೇಡ. ಪ್ಯಾರಸಿಟಮಾಲ್ ಒಂದೇ, ಅದೂ ಮಿತಿಯಲ್ಲಿ.

ಡೈಕ್ಲೊಫೆನಾಕ್‌ನಂಥವು ಷೆಡ್ಯೂಲ್ ಎಚ್ ಪಟ್ಟಿಯ ಔಷಧಿಗಳು, ಚೀಟಿಯಿಲ್ಲದೆ ಮಾರುವಂತಿಲ್ಲ. ಮಾರುತ್ತಿರುವುದು ಎಲ್ಲರಿಗೂ ಗೊತ್ತು. ಬಿಡಿ ಮಾರಾಟವನ್ನೇ ನಿಲ್ಲಿಸಿ ಎಂದು ನಾನು ಹೇಳಲಾರೆ. ದಿನಗೂಲಿಯವರು ಪೂರ್ತಿ ಸ್ಟ್ರಿಪ್ ಕೊಳ್ಳಬೇಕೆನ್ನುವುದು ಅನ್ಯಾಯ. ನನ್ನ ಬೇಡಿಕೆ ಇಷ್ಟೆ: ಕವರಿನ ಮೇಲೆ ಪ್ರತಿ ಮಾತ್ರೆಯಲ್ಲಿ ಏನಿದೆ, ಎಷ್ಟಿದೆ ಎಂದು ಕನ್ನಡದಲ್ಲಿ ಬರೆದು ಕೊಡಬೇಕು. ‘ಬಿಪಿ ಮಾತ್ರೆ ಇದೆಯಾ, ಹೊಟ್ಟೆ ಹುಣ್ಣು ಇತ್ತಾ, ಇವತ್ತು ಬೇರೇನು ತಗೊಂಡಿದ್ದೀರಿ?’ ಎಂದು ಕೇಳಬೇಕು. ಔಷಧ ನಿಯಂತ್ರಣ ಇಲಾಖೆ ಇದನ್ನು ಅಂಗಡಿಗಳ ತಪಾಸಣೆಯ ಭಾಗವಾಗಿಸಬೇಕು.

ಪ್ಯಾರಸಿಟಮಾಲ್ ಅತಿಯಾಗಿದೆ ಎಂಬ ಅನುಮಾನ ಬಂದರೆ ‘ಈಗ ಏನೂ ಆಗಿಲ್ಲವಲ್ಲ’ ಎಂದು ಕೂರಬೇಡಿ. ಮೊದಲ ದಿನ ಲಕ್ಷಣವೇ ಕಾಣದಿರಬಹುದು. ಎನ್-ಅಸಿಟೈಲ್‌ಸಿಸ್ಟೀನ್ ಎಂಬ ಪ್ರತ್ಯೌಷಧ ಇದೆ. ಎಂಟು ಗಂಟೆಯೊಳಗೆ ಕೊಟ್ಟರೆ ಅದು ಅತ್ಯಂತ ಪರಿಣಾಮಕಾರಿ, ತಡವಾದರೂ ಪ್ರಯೋಜನವುಂಟು. ಆಸ್ಪತ್ರೆಗೆ ಹೊರಡುವಾಗ ಖಾಲಿ ಸ್ಟ್ರಿಪ್ಪುಗಳನ್ನೂ ಆ ಕವರನ್ನೂ ಕೈಯಲ್ಲಿ ಹಿಡಿದೇ ಹೋಗಿ.