ಪ್ರಹ್ಲಾದನ ಗುರುಗಳು

ನರಸಿಂಹ ಜಯಂತಿ ಬಂದಾಗಲೆಲ್ಲ ನಾವು ಪ್ರಹ್ಲಾದನ ಭಕ್ತಿಯನ್ನು ಕೊಂಡಾಡುತ್ತೇವೆ. 1983ರ 'ಭಕ್ತ ಪ್ರಹ್ಲಾದ' ಚಿತ್ರದಲ್ಲಿ ಡಾ. ರಾಜಕುಮಾರರ ಹಿರಣ್ಯಕಶಿಪುವಿನೆದುರು ನಿಂತ ಪುಟ್ಟ ಲೋಹಿತನನ್ನು, ಅಂದರೆ ಮುಂದಿನ ಪುನೀತ್ ರಾಜಕುಮಾರರನ್ನು, ನಿಮ್ಮಲ್ಲಿ ಅನೇಕರು ಕಂಡಿದ್ದೀರಿ. ಆದರೆ ಭಾಗವತದ ಏಳನೆಯ ಸ್ಕಂಧವನ್ನು ನಿಧಾನವಾಗಿ ಓದಿದರೆ, ಅದು ಸ್ವಂತ ಮನೆಯಲ್ಲಿಯೇ ಹಿಂಸೆಗೊಳಗಾದ ಬಾಲಕನೊಬ್ಬನ ಕಥೆಯೂ ಹೌದೆಂಬುದು ಮನಸ್ಸಿಗೆ ನಾಟುತ್ತದೆ. ತೊಡೆಯ ಮೇಲೆ ಕುಳ್ಳಿರಿಸಿಕೊಂಡು ಮುದ್ದಿಸಿದ ತಂದೆಯೇ ಮಗುವನ್ನು ನೆಲಕ್ಕೆ ಕೆಡಹುತ್ತಾನೆ. ಆನೆ, ಹಾವು, ವಿಷ, ಬೆಂಕಿ, ಉಪವಾಸ, ಬೆಟ್ಟದಿಂದ ತಳ್ಳುವುದು, ಯಾವುದನ್ನೂ ಬಿಡುವುದಿಲ್ಲ.

ಮೇಷ್ಟ್ರಾಗಿದ್ದ ನನ್ನ ಕಣ್ಣು ಸಹಜವಾಗಿಯೇ ಶಂಡ ಮತ್ತು ಅಮರ್ಕರ ಕಡೆಗೆ ಹೊರಳುತ್ತದೆ. ಶುಕ್ರಾಚಾರ್ಯರ ಮಕ್ಕಳಾದ ಇವರೇ ಅವನ ಗುರುಗಳು. ಹುಡುಗನು ಕಲಿಸಿದ್ದನ್ನು ಬಿಟ್ಟು ಬೇರೆ ನುಡಿದೊಡನೆ ಬೆತ್ತ ತರಿಸಹೊರಟರು. ಕೊಲ್ಲಿಸುವ ಯತ್ನಗಳೆಲ್ಲ ವಿಫಲವಾದ ಮೇಲೆ, ತಮ್ಮ ತಂದೆ ಹಿಂದಿರುಗುವ ತನಕ ಇವನನ್ನು ಪಾಶದಲ್ಲಿ ಕಟ್ಟಿಡಿರೆಂದು ದೊರೆಗೆ ಸಲಹೆಯಿತ್ತರು. ತಾವು ಮನೆವಾರ್ತೆಯಲ್ಲಿ ಮಗ್ನರಾಗಿದ್ದಾಗ ಅವನು ಸಹಪಾಠಿಗಳಿಗೆ ಹರಿಯ ವಿಚಾರ ಹೇಳಿದನೆಂದು ತಿಳಿದು, ಹೆದರಿ, ಓಡಿಹೋಗಿ ದೂರಿಟ್ಟರು. ಗುರುಗಳಲ್ಲಿ ಒಬ್ಬರಾದರೂ ಆ ಮಗುವಿನ ಪಕ್ಕದಲ್ಲಿ ನಿಂತಿದ್ದರೆ ಕಥೆ ಕಂಬದವರೆಗೆ ಹೋಗಬೇಕಿತ್ತೇ? ಉದ್ಧಟತನವೆನಿಸಿದರೂ ಕೇಳಿಬಿಟ್ಟಿದ್ದೇನೆ.

ಹಾಗೆಂದು ಆ ಮಗುವಿನ ನಂಬಿಕೆಯನ್ನು ನಾನು ಲಘುವಾಗಿ ಕಾಣಲಾರೆ. ಅದು ಎಲ್ಲಿಂದ ಬಂತೆಂದು ಪ್ರಹ್ಲಾದನೇ ಗೆಳೆಯರಿಗೆ ಹೇಳುತ್ತಾನೆ. ಇಂದ್ರನು ಸೆರೆಹಿಡಿದು ಒಯ್ಯುತ್ತಿದ್ದ ಗರ್ಭಿಣಿ ತಾಯಿಯನ್ನು ನಾರದರು ಬಿಡಿಸಿ ತಮ್ಮ ಆಶ್ರಮದಲ್ಲಿ ಇರಿಸಿಕೊಂಡರು; ಅಲ್ಲಿ ಆಕೆಗೆ ಹೇಳಿದ ಮಾತುಗಳು ಗರ್ಭದಲ್ಲಿದ್ದ ಶಿಶುವಿಗೂ ದಕ್ಕಿದವು. ಆಶ್ರಯ ಮತ್ತು ಉಪದೇಶ ಒಂದೇ ಸೂರಿನಡಿ ದೊರೆತವೆಂಬುದು ನನಗೆ ಬಹಳ ದೊಡ್ಡದಾಗಿ ತೋರುತ್ತದೆ.

ನಾನು ಕೆಲಸ ಮಾಡಿದ ಊರೊಂದರಲ್ಲಿ, ಕುಡಿದು ಬಂದು ಹೊಡೆಯುವ ಚಿಕ್ಕಪ್ಪನಿಗೆ ಅಂಜಿ ಒಬ್ಬ ಹುಡುಗ ಪ್ರತಿ ಸಂಜೆಯೂ ಹನುಮಂತನ ಗುಡಿಯ ಜಗಲಿಯಲ್ಲಿ ಓದುತ್ತಿದ್ದ. ದೇವರು ನೋಡುತ್ತಿದ್ದಾನೆಂಬ ಧೈರ್ಯ ಅವನದು. ಅಲ್ಲಿ ದೀಪವಿತ್ತು, ಜನರಿದ್ದರು, ಮಂಗಳಾರತಿಯ ನಂತರ ಒಂದು ಹಿಡಿ ಕೋಸಂಬರಿಯೂ ಸಿಗುತ್ತಿತ್ತು. ಅವನ ಬೆನ್ನಿನ ಬಾಸುಂಡೆಗಳನ್ನು ಮೊದಲು ಕಂಡವರು ಅರ್ಚಕರೇ. ಅವರು ನಾಲ್ವರು ಹಿರಿಯರೊಡನೆ ಆ ಮನೆಗೆ ಹೋಗಿ ಕುಳಿತರು. ತಿಂಗಳೊಳಗೆ ಸೋದರಮಾವ ಬಂದು ಹುಡುಗನನ್ನು ಕರೆದೊಯ್ದರು.

ನಿಮ್ಮಲ್ಲಿ ಹಲವರು ಇಂದು ಶಿಕ್ಷಕರು. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನು ನಿಷೇಧಿಸಿದೆ. 2015ರ ಬಾಲನ್ಯಾಯ ಕಾಯ್ದೆಯಂತೆ ಮಗುವಿನ ಹೊಣೆ ಹೊತ್ತವರೇ ಅದನ್ನು ಹಿಂಸಿಸುವುದು ಅಪರಾಧ. ನೆರವಿಗೆ 1098 ಇದೆ. ಮಗುವೊಂದು ಸದಾ ದೇವರ ನಾಮ ಹೇಳಿಕೊಳ್ಳುತ್ತ ಮೂಲೆ ಹಿಡಿದಿದ್ದರೆ, ಎಂಥ ಭಕ್ತಿ ಎಂದು ತಲೆ ಸವರಿ ಮುಂದೆ ಸಾಗಬೇಡಿ. ಒಂದು ಗಳಿಗೆ ಪಕ್ಕದಲ್ಲಿ ಕುಳಿತು ವಿಚಾರಿಸಿ.

ಉತ್ತರ ಸುಲಭವಾಗಿ ಬಾರದು. ವರ ಕೇಳೆಂದಾಗ ಪ್ರಹ್ಲಾದನು ಬೇಡಿದ್ದು ತಂದೆಯ ಪಾಪ ತೊಳೆದುಹೋಗಲೆಂದು. ಪೆಟ್ಟು ತಿಂದ ಮಕ್ಕಳು ಇಂದಿಗೂ ಮನೆಯವರನ್ನು ಬಿಟ್ಟುಕೊಡುವುದಿಲ್ಲ. ಕಣ್ಣು ತಗ್ಗಿಸಿ, ‘ಬಚ್ಚಲಲ್ಲಿ ಜಾರಿ ಬಿದ್ದೆ ಸಾರ್’ ಎನ್ನುತ್ತಾರೆ.